ಚೌಕದ ಒಳಗು–ಹೊರಗು

ಸಂಸ್ಕೃತದ ‘ಚತುಷ್ಕ’ದಿಂದ ಬಂದ ‘ಚೌಕ’ ಎಂಬ ಮಾತು ಪುಣೆಯ ವಾಡೆಯ ಅಂಗಳಕ್ಕೂ ಲಂಡನ್ನಿನ ಸಾಲುಮನೆಗಳ ನಡುವಣ ಬಯಲಿಗೂ ಸಲ್ಲುತ್ತದೆ. ಮಾತು ಒಂದಾದ ಮಾತ್ರಕ್ಕೆ ವಸ್ತುವೂ ಒಂದೆಂದು ಭಾವಿಸುವುದು ಉಚಿತವಲ್ಲ.

ಪ್ಯಾರಿಸ್ಸಿನಲ್ಲಿ ನಾಲ್ಕನೆಯ ಹೆನ್ರಿಯು 1605ರಲ್ಲಿ ಆರಂಭಿಸಿದ ಚೌಕದಲ್ಲಿ ಮನೆಗಳೆಲ್ಲವೂ ಏಕರೂಪದ ಮುಖಗಳಿಂದ ಬಯಲನ್ನು ನೋಡುತ್ತವೆ. 1630ರ ದಶಕದಲ್ಲಿ ಇನಿಗೋ ಜೋನ್ಸನು ಲಂಡನ್ನಿನ ಕೋವೆಂಟ್ ಗಾರ್ಡನ್ನಿನಲ್ಲಿ ಈ ಕ್ರಮವನ್ನು ತಂದನು. ಬಾತ್ ನಗರದಲ್ಲಿ ಹಿರಿಯ ಜಾನ್ ವುಡ್ಡನು 1728ರಿಂದ ಕ್ವೀನ್ ಸ್ಕ್ವೇರನ್ನು ಕಟ್ಟಿಸುವಾಗ ನೆಲವನ್ನು ಗುತ್ತಿಗೆಗೆ ಪಡೆದು, ನಿವೇಶನಗಳನ್ನು ಒಳಗುತ್ತಿಗೆಗೆ ಕೊಟ್ಟನು. ಮುಂಭಾಗ ಅವನ ನಕ್ಷೆಯಂತೆಯೇ ಇರಬೇಕು. ಹಿಂಭಾಗ ಕಟ್ಟುವವರ ಇಷ್ಟ. ಹಲವರ ಮನೆಗಳು ಸೇರಿ ಒಂದೇ ಅರಮನೆಯಂತೆ ತೋರುವುದಕ್ಕೆ ಈ ಕರಾರೇ ಕಾರಣ.

ವಾಡೆಯ ಕ್ರಮ ಇದಕ್ಕೆ ವಿರುದ್ಧವಾದುದು. ಬೀದಿಗೆ ಅದು ಗೋಡೆಯನ್ನೂ ಭದ್ರವಾದ ಬಾಗಿಲನ್ನೂ ತೋರಿಸಿ, ಸಾಗುವಾನಿ ಕಂಬಗಳ ಚೆಲುವನ್ನು ಒಳಚೌಕಕ್ಕೆ ಮೀಸಲಿಡುತ್ತದೆ. ಅಲ್ಲಿಯ ಚೌಕ ಊರಿನದಲ್ಲ, ಮನೆತನದ್ದು. ಬೆಂಗಳೂರಿನ ವಠಾರ ಇವೆರಡರ ನಡುವಿನದು: ಸಾಲುಮನೆಗಳು ಅಂಗಳಕ್ಕೆ ಮುಖ ಮಾಡುತ್ತವೆ, ಆದರೆ ವಾಸಿಸುವವರು ಬೇರೆ ಬೇರೆ ಬಾಡಿಗೆದಾರರು.

ಪುಣೆ ಜಿಲ್ಲೆಯ ಘೋಡ್ ನದಿಯ ದಡದ ಶಿರೂರು ಮೂರನೆಯ ಕ್ರಮವನ್ನು ನೆನಪಿಗೆ ತರುತ್ತದೆ. 1817ರ ಡಿಸೆಂಬರ್ 31ರ ರಾತ್ರಿ ಕ್ಯಾಪ್ಟನ್ ಸ್ಟಾಂಟನ್ನನ ಪಡೆ ಕೋರೆಗಾಂವಿನ ಕಡೆಗೆ ಹೊರಟುದು ಈ ಸೇನಾನೆಲೆಯಿಂದಲೇ. ದಂಡಿನ ಪ್ರದೇಶಗಳಲ್ಲಿ ಬೆಳೆದ ಬಂಗಲೆಯಲ್ಲಿ ಮನೆ ನಡುವೆ, ಬಯಲು ಸುತ್ತ. ವಾಡೆಯಲ್ಲಿ ಬಯಲು ನಡುವೆ, ಮನೆ ಸುತ್ತ.

ಚೌಕದ ಉಳಿವು ಅದರ ಸೌಂದರ್ಯಕ್ಕಿಂತ ಹೆಚ್ಚಾಗಿ ಅದರ ವೆಚ್ಚವನ್ನು ಹೊರುವವರನ್ನು ಅವಲಂಬಿಸಿದೆ. ಲಂಡನ್ನಿನ ಅನೇಕ ಚೌಕಗಳ ಉದ್ಯಾನಗಳಿಗೆ ಬೇಲಿಯಿತ್ತು, ಬೀಗದ ಕೈ ನಿವಾಸಿಗಳಲ್ಲಿತ್ತು. 1931ರ ಶಾಸನ ಅವುಗಳ ಮೇಲೆ ಕಟ್ಟಡ ಏಳದಂತೆ ರಕ್ಷಣೆ ಕೊಟ್ಟಿತು. ವಾಡೆಗಾದರೋ ಅಂತಹ ಆಸರೆ ದೊರೆತದ್ದು ವಿರಳ. 1947ರ ಮುಂಬಯಿ ಬಾಡಿಗೆ ಕಾಯಿದೆ ಬಾಡಿಗೆದಾರನನ್ನು ಕಾಪಾಡಿತು. ಆದರೆ ಬಾಡಿಗೆ ಹಿಂದಿನ ಮಟ್ಟದಲ್ಲಿಯೇ ನಿಂತುದರಿಂದ ದುರಸ್ತಿಗೆ ಹಣ ಹುಟ್ಟಲಿಲ್ಲ. ವಾರಸುದಾರರು ಹೆಚ್ಚಿದಂತೆ ಹೊಣೆ ಹಂಚಿಹೋಯಿತು. ಹಲವು ವಾಡೆಗಳ ಸ್ಥಾನದಲ್ಲಿ ಬಹುಮಹಡಿ ಕಟ್ಟಡಗಳು ಎದ್ದವು.

ಆದುದರಿಂದ ಕೆತ್ತನೆಯ ಕಂಬಗಳನ್ನು ವರ್ಣಿಸುವುದರಲ್ಲಿಯೇ ತೃಪ್ತವಾಗುವ ವಿಮರ್ಶೆ ಅಪೂರ್ಣ. ಕಂಬವನ್ನು ವಸ್ತುಸಂಗ್ರಹಾಲಯಕ್ಕೆ ಒಯ್ಯಬಹುದು, ಚೌಕವನ್ನು ಒಯ್ಯಲಾಗದು. ಅದು ಉಳಿಯಬೇಕಾದರೆ ಅದರ ಸುತ್ತ ಜನರು ವಾಸಿಸುತ್ತಿರಬೇಕು, ಅದರ ಖರ್ಚಿಗೆ ಒಡಂಬಡಿಕೆಯಿರಬೇಕು.