ವೈರಸ್ ಕ್ಷಮೆ ಕೇಳುವುದಿಲ್ಲ

ಹಿಂಸೆ ಒಂದು ಅಂಟುರೋಗ ಎಂದು ನಾವು ಮಾತಿಗೆ ಹೇಳುತ್ತೇವೆ. ಗ್ಯಾರಿ ಸ್ಲಟ್ಕಿನ್ ಅದನ್ನು ಅಕ್ಷರಶಃ ನಂಬಿದರು. ಆಫ್ರಿಕಾದಲ್ಲಿ ಕಾಲರಾ, ಏಡ್ಸ್ ತಡೆಯುವ ಕೆಲಸ ಮಾಡಿ ಶಿಕಾಗೋಗೆ ಮರಳಿದ ಈ ವೈದ್ಯರಿಗೆ ಅಲ್ಲಿನ ಬೀದಿಗಳ ಗುಂಡೇಟುಗಳೂ ಒಬ್ಬರಿಂದ ಒಬ್ಬರಿಗೆ ಹರಡುವಂತೆ ಕಂಡವು. 2000ದಲ್ಲಿ ಅವರ ‘ಸೀಸ್‌ಫೈರ್’ ಕಾರ್ಯಕ್ರಮ ನಗರದ ವೆಸ್ಟ್ ಗಾರ್‌ಫೀಲ್ಡ್ ಪಾರ್ಕ್‌ನಲ್ಲಿ ಶುರುವಾಯಿತು. ಒಂದು ಕಾಲಕ್ಕೆ ಗ್ಯಾಂಗುಗಳಲ್ಲಿದ್ದವರು, ಜೈಲು ಕಂಡವರು ಅದರ ಕಾರ್ಯಕರ್ತರಾದರು. ಜಗಳ ಕೊಲೆಗೆ ತಿರುಗುವ ಮೊದಲೇ ನಡುವೆ ಹೋಗಿ ನಿಲ್ಲುವುದು ಅವರ ಕೆಲಸ. ಸ್ಟೀವ್ ಜೇಮ್ಸ್ ನಿರ್ದೇಶನದ ಸಾಕ್ಷ್ಯಚಿತ್ರ ‘ದಿ ಇಂಟರಪ್ಟರ್ಸ್’ (2011) ಇಂಥ ಮೂವರ ಬೆನ್ನು ಹತ್ತುತ್ತದೆ.

ಸೂಸನ್ ಸೊಂಟಾಗ್ 1978ರ ‘ಇಲ್‌ನೆಸ್ ಆ್ಯಸ್ ಮೆಟಫರ್’ ಕೃತಿಯಲ್ಲಿ, ರೋಗದ ಮೇಲೆ ನೈತಿಕ ಅರ್ಥಗಳನ್ನು ಹೇರುವುದನ್ನು ವಿರೋಧಿಸಿದ್ದರು. ಸ್ಲಟ್ಕಿನ್ ಇದೇ ದಾರಿಯಲ್ಲಿ ಎದುರು ದಿಕ್ಕಿನಿಂದ ಬರುತ್ತಾರೆ: ಅಪರಾಧದ ಮೇಲಿನ ನೈತಿಕ ಭಾರವನ್ನು ಇಳಿಸಲು ರೋಗವನ್ನು ಕರೆತರುತ್ತಾರೆ. ಇದರ ಉಪಯೋಗ ಸ್ಪಷ್ಟ. ರೋಗಿಯನ್ನು ಯಾರೂ ದುಷ್ಟ ಎನ್ನುವುದಿಲ್ಲ. ಪೊಲೀಸು, ಜೈಲು ಎಂದಷ್ಟೇ ಯೋಚಿಸುವ ಸರ್ಕಾರಕ್ಕೆ ಆರೋಗ್ಯದ ಭಾಷೆಯಲ್ಲಿ ಮಾತಾಡಲು ಒಂದು ದಾರಿ ಸಿಗುತ್ತದೆ.

ಚಿತ್ರದ ಒಂದು ಭಾಗ ಈ ರೂಪಕಕ್ಕೆ ಸರಿಯಾಗಿ ಹೊಂದುತ್ತದೆ. ತನ್ನ ಮನೆಗೆ ಪೊಲೀಸರನ್ನು ಕಳಿಸಿದವನ ಮೇಲೆ ಸೇಡು ತೀರಿಸಿಕೊಳ್ಳಲು ಹೊರಟವನೊಬ್ಬನನ್ನು ಕಾರ್ಯಕರ್ತ ಕೋಬಿ ವಿಲಿಯಮ್ಸ್ ಊಟಕ್ಕೆ ಕರೆದೊಯ್ಯುತ್ತಾರೆ. ಉಪದೇಶವಿಲ್ಲ. ಸಿಟ್ಟು ಆರುವಷ್ಟು ಹೊತ್ತು ಕಳೆಯಬೇಕು, ಅಷ್ಟೇ. ಸೋಂಕು ಅಲ್ಲಿಗೆ ತುಂಡಾಯಿತು ಎನ್ನಬಹುದು.

ಆದರೆ ಚಿತ್ರದ ಅತ್ಯುತ್ತಮ ದೃಶ್ಯ ರೂಪಕದ ಕೈಗೆ ಸಿಗುವುದಿಲ್ಲ. ಜೈಲಿನಿಂದ ಬಿಡುಗಡೆಯಾದ ಹುಡುಗನೊಬ್ಬ ತಾನು ಹಿಂದೆ ದರೋಡೆ ಮಾಡಿದ್ದ ಕ್ಷೌರದಂಗಡಿಗೆ ಹೋಗಿ ಕ್ಷಮೆ ಕೇಳುತ್ತಾನೆ. ಆ ದಿನ ಮಕ್ಕಳೊಂದಿಗೆ ಅಲ್ಲಿದ್ದ ಹೆಂಗಸು ತಾನು ಅನುಭವಿಸಿದ ಭಯವನ್ನು ಅವನ ಮುಖಕ್ಕೇ ಹೇಳುತ್ತಾಳೆ. ಅವನು ಕೇಳಿಸಿಕೊಳ್ಳುತ್ತಾನೆ. ವೈರಸ್ ಹೀಗೆ ಮರಳಿ ಬಂದು ನಿಲ್ಲುವುದಿಲ್ಲ. ಹದಿಹರೆಯದಲ್ಲಿ ಕೊಲೆ ಮಾಡಿ 14 ವರ್ಷ ಜೈಲಿನಲ್ಲಿದ್ದ ಎಡ್ಡಿ ಬೊಕನೆಗ್ರಾ ಚಿತ್ರದಲ್ಲಿ ಮಕ್ಕಳಿಗೆ ಚಿತ್ರಕಲೆ ಕಲಿಸುತ್ತಾರೆ. ಅವರನ್ನು ನಡೆಸುತ್ತಿರುವುದೂ ಆರದ ಪಶ್ಚಾತ್ತಾಪವೇ. ‘ತಪ್ಪು ನನ್ನದು’ ಎನ್ನಬಲ್ಲವರಿಂದ ನಡೆಯುವ ಕಾರ್ಯಕ್ರಮ ತನ್ನ ಸಿದ್ಧಾಂತದಲ್ಲಿ ತಪ್ಪು ಎಂಬ ಪದಕ್ಕೇ ಜಾಗ ಕೊಡುವುದಿಲ್ಲ. ಈ ಬಿರುಕನ್ನು ಜೇಮ್ಸ್ ತೋರಿಸುತ್ತಾರೆ, ಆದರೆ ಪ್ರಶ್ನಿಸುವುದಿಲ್ಲ. ಬಡತನ, ವರ್ಣಭೇದ, ಸುಲಭವಾಗಿ ಸಿಗುವ ಬಂದೂಕುಗಳೂ ಬಹುಮಟ್ಟಿಗೆ ಹಿನ್ನೆಲೆಯಲ್ಲೇ ಉಳಿಯುತ್ತವೆ. ಚಿತ್ರದ ಮಿತಿ ಇದು.

2015ರಲ್ಲಿ ಇಲಿನಾಯ್ ರಾಜ್ಯ ಸರ್ಕಾರ ಸೀಸ್‌ಫೈರ್‌ನ ಅನುದಾನ ನಿಲ್ಲಿಸಿತು. ಬಜೆಟ್ಟಿಗೆ ಅರ್ಥವಾಗಲೆಂದು ಕಟ್ಟಿದ ರೂಪಕ ಬಜೆಟ್ಟಿನಿಂದ ಕಾಪಾಡಲಿಲ್ಲ. ನಡೆಯದೆ ಹೋದ ಕೊಲೆಯನ್ನು ಲೆಕ್ಕದಲ್ಲಿ ತೋರಿಸುವುದು ಕಷ್ಟ. ಕ್ಷೌರದಂಗಡಿಯಲ್ಲಿ ನಡೆದದ್ದನ್ನು ತೋರಿಸುವುದು ಇನ್ನೂ ಕಷ್ಟ. ಅದನ್ನು ಈ ಚಿತ್ರ ತೋರಿಸಿದೆ.