ಮಡಚದ ಚಾಕು

ಒಂದು ಚಾಕುವಿಗೆ 1,900 ರೂಪಾಯಿ ಕೊಟ್ಟೆ ಅಂತ ಮನೇಲಿ ಹೇಳೋಕೆ ನನಗೆ ಎರಡು ದಿನ ಬೇಕಾಯ್ತು. ನಮ್ಮನೆ ಇರೋದು ಊರಿಗಾಂನಲ್ಲಿ. ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿಗೆ ಹೋದರೆ ನೂರು ರೂಪಾಯಿಯೊಳಗೆ ಒಳ್ಳೇ ಚಾಕು ಸಿಗುತ್ತೆ. ಅಮ್ಮನ ಈಳಿಗೆ ಮಣೆಗೆ ನನಗಿಂತ ಜಾಸ್ತಿ ವಯಸ್ಸು, ಇನ್ನೂ ಸೋರೆಕಾಯಿ ಕಂಡರೆ ಬಿಡಲ್ಲ. ಇಂಥ ಮನೆಗೆ ಆನ್‌ಲೈನಲ್ಲಿ ಚಾಕು ತರಿಸಿದೆ.

ಕಂಪನಿ ಹೆಸರು ಬೇಡ. ಈ ಮಾದರಿಯ ಹತ್ತಾರು ಚಾಕುಗಳು ಮಾರಾಟಕ್ಕಿವೆ, ನಾನು ಹೇಳೋದು ಹೆಚ್ಚುಕಮ್ಮಿ ಎಲ್ಲಕ್ಕೂ ಹೊಂದುತ್ತೆ. ನಾಲ್ಕು ಇಂಚಿನ ಸ್ಟೇನ್‌ಲೆಸ್ ಅಲಗು, ನಾಲ್ಕು ಮಿಲಿಮೀಟರ್ ದಪ್ಪ, ರಬ್ಬರಿನಂಥ ಹಿಡಿ, ಬೆಲ್ಟಿಗೆ ಸಿಕ್ಕಿಸೋ ಪ್ಲಾಸ್ಟಿಕ್ ಒರೆ. ಮಡಚುವ ಚಾಕು ಅಲ್ಲ. ಮಡಚೋ ಚಾಕುವಿನ ಕೀಲಿನೊಳಗೆ ಮಣ್ಣು, ಗಿಡದ ಅಂಟು ಸೇರುತ್ತೆ. ಲಾಕು ಸಡಿಲಾದರೆ ಬೆರಳ ಮೇಲೇ ಮುಚ್ಚಿಕೊಳ್ಳುತ್ತೆ. ಮಡಚದ ಚಾಕುವಿನಲ್ಲಿ ಕೆಡೋಕೆ ಕೀಲೂ ಇಲ್ಲ, ಲಾಕೂ ಇಲ್ಲ. ಸ್ವೀಡನ್ನಿನ ಮೋರಾ ಅನ್ನೋ ಊರಲ್ಲಿ ನೂರಾರು ವರ್ಷದಿಂದ ಇಂಥ ಕೆಲಸದ ಚಾಕುಗಳನ್ನ ಮಾಡ್ತಿದ್ದಾರೆ. ಅಲ್ಲಿ ಅದು ಬಡಗಿಯ ಸೊಂಟದಲ್ಲಿರೋ ಸಾಮಾನು.

ನಾನು ತರಿಸಿದ ಚಾಕುವಿನ ಜಾಹೀರಾತಿನಲ್ಲಿ ಮಾತ್ರ ಗಡ್ಡದವನೊಬ್ಬ ಪೈನ್ ಕಾಡಲ್ಲಿ ಕೂತು ಸೌದೆ ಸೀಳ್ತಾನೆ. ನಮ್ಮೂರಲ್ಲಿ ಪೈನ್ ಕಾಡಿಲ್ಲ, ಸೈನೈಡ್ ದಿಬ್ಬ ಇದೆ. ಸೌದೆ ಒಲೆಯೂ ನಮ್ಮನೇಲಿ ಇಲ್ಲ. ಚಾಕು ಬೇಕಿದ್ದದ್ದು ಅಪ್ಪನಿಗೆ. ಅಪ್ಪ ಬಂಗಾರಪೇಟೆ ಹತ್ತಿರ ಚಿಕ್ಕಪ್ಪನ ಟೊಮ್ಯಾಟೊ ತೋಟಕ್ಕೆ ದಿನಾ ಹೋಗ್ತಾರೆ. ನಾನು ಬೆಳಿಗ್ಗೆ ಬೆಂಗಳೂರು ರೈಲು ಹತ್ತೋ ಹೊತ್ತಿಗೆ ಅವರು ಸೈಕಲ್ ಹತ್ತಿರ್ತಾರೆ. ಹಾಗಾಗಿ ಪರೀಕ್ಷೆ ನಡೆದಿದ್ದು ತೋಟದಲ್ಲಿ, ಆರು ವಾರ. ಭಾನುವಾರಗಳಲ್ಲಿ ನಾನೂ ಹೋಗ್ತಿದ್ದೆ.

ಎದುರಾಳಿ ಅಪ್ಪನ ಹಳೇ ಚಾಕು. ಅಪ್ಪ ಗಣಿಯ ವರ್ಕ್‌ಶಾಪಲ್ಲಿ ಫಿಟ್ಟರ್ ಆಗಿದ್ದವರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗ ನನಗೆ ಎಂಟು ವರ್ಷ. ಅದಕ್ಕೂ ಮೊದಲು, ಮುರಿದು ಬಿಸಾಕಿದ್ದ ಮೆಷಿನ್ ಹ್ಯಾಕ್ಸಾ ಬ್ಲೇಡನ್ನ ಉಜ್ಜಿ ಉಜ್ಜಿ ಅಪ್ಪ ಮಾಡಿಕೊಂಡ ಚಾಕು ಅದು. ಹಿಡಿಗೆ ಎರಡು ಮರದ ಚಕ್ಕೆ, ಮೂರು ಹಿತ್ತಾಳೆ ಮೊಳೆ. ಒರೆ ಇಲ್ಲ, ಹಳೇ ಪ್ಯಾಂಟಿನ ಬಟ್ಟೆ ಸುತ್ತಿಡ್ತಾರೆ. ಬೆಂಗಳೂರಲ್ಲಿ ಗೆಳೆಯರಿಗೆ ಇದರ ಫೋಟೊ ತೋರಿಸಿ ನಾನು ಎಷ್ಟು ಸಲ ಮೆರೆದಿದ್ದೀನೋ ಲೆಕ್ಕವಿಲ್ಲ.

ಹೊಸದನ್ನ ಕೈಗೆ ಕೊಟ್ಟಾಗ ಅಪ್ಪ ಅಲಗಿನ ಬೆನ್ನು ಸವರಿ ಕೇಳಿದ್ದು ಇಷ್ಟೇ: “ಚಾಕು ತಂದಿದ್ದೀಯೋ, ಚಿಸೆಲ್ ತಂದಿದ್ದೀಯೋ?”

ಅವರ ಮಾತು ಸರಿಯಿತ್ತು. ಮೊದಲ ಪರೀಕ್ಷೆ ಡ್ರಿಪ್ ಪೈಪು. 16 ಎಂ.ಎಂ. ಪೈಪನ್ನ ನೇರವಾಗಿ ಕತ್ತರಿಸಬೇಕು, ಸೊಟ್ಟ ಆದರೆ ಜಾಯಿನರ್ ಸರಿಯಾಗಿ ಕೂರಲ್ಲ, ನೀರು ಸೋರುತ್ತೆ. ಅಪ್ಪನ ಚಾಕು ಎರಡು ಮಿಲಿಮೀಟರ್ ದಪ್ಪ, ಒಂದೇ ಒತ್ತಿಗೆ ನೇರ ಇಳೀತು. ಹೊಸದು ಅರ್ಧಕ್ಕೆ ಬಂದು ಪಕ್ಕಕ್ಕೆ ಎಳೀತು. ಟೊಮ್ಯಾಟೊ ಹೆಚ್ಚಿದರೆ ಹೋಳಿಗಿಂತ ರಸವೇ ಜಾಸ್ತಿ. ಇಷ್ಟು ದಪ್ಪ ಅಲಗು ಕೊಯ್ಯೋದಕ್ಕಿಂತ ಹೆಚ್ಚಾಗಿ ಸೀಳುತ್ತೆ. ಆ ಗಡ್ಡದವನಿಗೆ ಅದು ಸರಿ, ನಮಗಲ್ಲ.

ಎರಡನೇದು ಹುರಿ. ಟೊಮ್ಯಾಟೊ ಗಿಡಾನ ಕೋಲು ನೆಟ್ಟು ಪ್ಲಾಸ್ಟಿಕ್ ಹುರಿಯಲ್ಲಿ ಎತ್ತಿ ಕಟ್ಟಿರ್ತಾರೆ. ಬೆಳೆ ಮುಗಿದ ಮೇಲೆ ಅದನ್ನೆಲ್ಲ ಕತ್ತರಿಸಿ ತೆಗೀಬೇಕು. ಇದರಲ್ಲಿ ಎರಡೂ ಸಮ. ಆದರೆ ಮೂರು ವಾರ ಆಗೋಷ್ಟರಲ್ಲಿ ಹೊಸದು ಮೊಂಡಾಯ್ತು, ಹಳೇದು ಆಗಲಿಲ್ಲ. ಕಾರಣ ಉಕ್ಕಿನಲ್ಲಿದೆ. ಹೊಸದರ ಗಡಸುತನ ರಾಕ್‌ವೆಲ್ ಅಳತೆಯಲ್ಲಿ 58 ಅಂತ ಡಬ್ಬಿ ಮೇಲೆ ಬರೆದಿದೆ. ಮೆಷಿನ್ ಗರಗಸಕ್ಕೆ ಬಳಸೋ ಹೈ-ಸ್ಪೀಡ್ ಸ್ಟೀಲು ಸಾಮಾನ್ಯವಾಗಿ 62ಕ್ಕಿಂತ ಮೇಲಿರುತ್ತೆ. ಕಬ್ಬಿಣ ಕೊಯ್ಯೋಕೆ ಹುಟ್ಟಿದ್ದಕ್ಕೆ ಪ್ಲಾಸ್ಟಿಕ್ ಹುರಿ ಯಾವ ಲೆಕ್ಕ!

ಆದರೆ ಗಡಸು ಉಕ್ಕಿಗೆ ಅದರದೇ ತೊಂದರೆಗಳಿವೆ. ಸಾಣೆಕಲ್ಲಿನ ಮೇಲೆ ಹೊಸದು ಹತ್ತು ನಿಮಿಷದಲ್ಲಿ ಹರಿತವಾಯ್ತು. ಅಪ್ಪನದನ್ನ ಮಸೆಯೋದು ಅರ್ಧ ದಿನದ ಕೆಲಸ, ಅದು ಅವರಿಗಷ್ಟೇ ಬರುತ್ತೆ. ಒಮ್ಮೆ ಕಲ್ಲುಚಪ್ಪಡಿ ಮೇಲೆ ಬಿದ್ದು ಅದರ ತುದಿ ಚಕ್ಕೆ ಎದ್ದಿದೆ. ಟೊಮ್ಯಾಟೊ ಹುಳಿ ತಾಗಿದರೆ ಕಪ್ಪಾಗುತ್ತೆ, ಒರೆಸದೇ ಇಟ್ಟರೆ ತುಕ್ಕು. ಹೊಸದನ್ನ ತೊಳೆದಿಟ್ಟರೆ ಮುಗೀತು. ಅದರ ಒರೆಯ ತಳದಲ್ಲಿ ನೀರು ಹೋಗೋಕೆ ತೂತಿಲ್ಲ, ಮಳೆಯಲ್ಲಿ ಒಳಗೆ ಕೆಸರು ನಿಂತಿತ್ತು. ತೂತು ನಾನೇ ಕೊರೆದೆ.

ಇಲ್ಲಿಗೆ ಅಂಕ ಹೆಚ್ಚುಕಮ್ಮಿ ಸಮ. ಹಳೇದಕ್ಕೇ ಗೆಲುವು ಅಂತ ಬರೆದು ಮುಗಿಸೋ ಆಸೆ ನನಗಿತ್ತು, ಮುಚ್ಚಿಡಲ್ಲ. ಹಳೇದೇ ಚಿನ್ನ ಅಂತ ಬರೆಯೋಕೆ ನಮ್ಮೂರಿಗಿಂತ ಸುಲಭದ ಊರು ಎಲ್ಲಿದೆ ಹೇಳಿ.

ನಾಲ್ಕನೇ ಭಾನುವಾರ ಗೊಬ್ಬರದ ಚೀಲ ಬಿಚ್ಚಬೇಕಿತ್ತು. ಕೈ ಒದ್ದೆಯಾಗಿತ್ತು. ನಾನು ಹೊಸ ಚಾಕುವಿನ ಮೊನೆಯನ್ನ ಚೀಲಕ್ಕೆ ಚುಚ್ಚಿ ಒತ್ತಿದೆ. ಕೈ ಜಾರಿತು. ಹಿಡಿಯ ಮುಂದುಗಡೆ ಒಂದು ಉಬ್ಬು ಇದೆ, ಬೆರಳು ಅಲ್ಲಿಗೆ ಬಂದು ನಿಂತುಬಿಡ್ತು. ಅಷ್ಟೇ, ಏನೂ ಆಗಲಿಲ್ಲ. ಪಕ್ಕದಲ್ಲಿದ್ದ ಅಪ್ಪ ಒಂದು ಗಳಿಗೆ ನನ್ನ ಬೆರಳನ್ನೇ ನೋಡಿದರು. ಆಮೇಲೆ ಅಂದರು: “ನಂದು ಹಿಂಗೇ ಹೋಗಿದ್ದು ಕಣೋ.”

ಅಪ್ಪನ ಬಲಗೈ ತೋರುಬೆರಳು ಪೂರ್ತಿ ಮಡಚಲ್ಲ. 2009ರಲ್ಲಿ ಆದ ಗಾಯ. ಟೆಂಡನ್ ತುಂಡಾಗಿದೆ ಅಂದಿದ್ದರು ಡಾಕ್ಟರು. ಅವತ್ತಿಂದ ಅಪ್ಪ ಅನ್ನ ಕಲಸೋದು, ಅಂಗಿ ಗುಂಡಿ ಹಾಕೋದು, ಪೆನ್ನು ಹಿಡಿಯೋದು ಎಲ್ಲಾ ಆ ಬೆರಳನ್ನ ಬಿಟ್ಟೇ. ಚಾಕು ಜಾರಿ ಆದದ್ದು ಅಂತ ನನಗೆ ಗೊತ್ತಿತ್ತು. ಯಾವ ಚಾಕು ಅಂತ ನಾನು ಯಾವತ್ತೂ ಕೇಳಿರಲಿಲ್ಲ. ಕೇಳೋದೇನು, ಮನೇಲಿದ್ದದ್ದು ಒಂದೇ. ಅದರ ಹಿಡಿ ಮುಂದಿನವರೆಗೂ ನುಣುಪು, ಬೆರಳನ್ನ ತಡೆಯೋಕೆ ಏನೂ ಇಲ್ಲ. ಹಿತ್ತಾಳೆ ಮೊಳೆಯ ಅಂದ ಹೊಗಳುತ್ತಾ ಆ ಫೋಟೊ ತೋರಿಸ್ತಿದ್ದ ನನಗೆ, ಬೆರಳಿಗೂ ಚಾಕುವಿಗೂ ನಂಟು ಹೊಳೆದದ್ದು ಹದಿನೈದು ವರ್ಷ ದಾಟಿದ ಮೇಲೆ.

ಮನೆಗೆ ಬಂದು ಎರಡರ ಅಲಗಿಗೂ ದಪ್ಪ ಗೋಣಿ ಸುತ್ತಿ ಕಟ್ಟಿ, ಕೈಗೆ ಸೋಪು ಹಚ್ಚಿಕೊಂಡು, ಹಲಗೆಗೆ ಒತ್ತಿ ನೋಡಿದೆ. ಹೊಸದರಲ್ಲಿ ಹತ್ತಕ್ಕೆ ಹತ್ತು ಸಲವೂ ಬೆರಳು ಹಿಡಿಯಲ್ಲೇ ನಿಂತಿತು. ಹಳೇದರಲ್ಲಿ ಏಳು ಸಲ ಗೋಣಿ ಮೇಲೆ ಹೋಯ್ತು. ಉಕ್ಕು, ದಪ್ಪ, ಸಾಣೆ ಎಲ್ಲಾ ಆಮೇಲಿನ ಮಾತು. ಕೈ ಜಾರೋ ದಿನ ಒಂದಲ್ಲ ಒಂದು ಬಂದೇ ಬರುತ್ತೆ, ಕೈ ಕುಶಲವಾಗಿದ್ದ ಫಿಟ್ಟರಿಗೂ ಬಂತು. ಈ ಒಂದು ಪರೀಕ್ಷೆಗೆ ನಾನು ಅರ್ಧ ಅಂಕ ಕೊಡ್ತೀನಿ, ಆದ್ದರಿಂದ ಗೆದ್ದದ್ದು ಹೊಸದು.

ಹಾಗಂತ ಇದನ್ನೇ ತಗೊಳ್ಳಿ ಅನ್ನಲ್ಲ. ಹಿಡಿಯಲ್ಲಿ ಬೆರಳು ತಡೆಯೋ ಉಬ್ಬು, ಗಟ್ಟಿಯಾಗಿ ಕೂರೋ ಒರೆ, ಎರಡರಿಂದ ಎರಡೂವರೆ ಮಿಲಿಮೀಟರ್ ದಪ್ಪದ ಅಲಗು – ಈ ಮೂರೂ ಇರೋದನ್ನ ಹುಡುಕಿ. ಕಡಿಮೆ ಬೆಲೆಗೂ ಸಿಗುತ್ತೆ. ಕಾನೂನಿನ ಬಗ್ಗೆ ಕೇಳೋರಿಗೆ: ಆಯುಧ ನಿಯಮಗಳು ಹೇಳೋದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಮಾತು, ಅದರಲ್ಲೂ ಮನೆ, ಬೇಸಾಯ, ಕಸುಬಿಗೆಂದು ಮಾಡಿದವಕ್ಕೆ ವಿನಾಯಿತಿ ಇದೆ. ಆದರೂ ಬ್ಯಾಗಲ್ಲಿ ಹಾಕ್ಕೊಂಡು ಮೆಟ್ರೋ ತಪಾಸಣೆಗೆ ಹೋಗಬೇಡಿ.

ಆರನೇ ವಾರ ತೋಟಕ್ಕೆ ಹೋದಾಗ ಅಪ್ಪನ ಸೊಂಟದಲ್ಲಿ ಹೊಸ ಚಾಕು ಇತ್ತು, ಚೀಲಕ್ಕೆ, ಹುರಿಗೆ. ಡ್ರಿಪ್ ಪೈಪಿಗೆ ಮಾತ್ರ ಹಳೇದನ್ನೇ ತೆಗೆದರು. ಅದರ ಹಿಡಿ ಮುಂದೆ ಸೈಕಲ್ ಟ್ಯೂಬನ್ನ ಏಳೆಂಟು ಸುತ್ತು ಬಿಗಿದು, ಹೊಸದರಲ್ಲಿರೋ ಅಷ್ಟೇ ಎತ್ತರದ ಉಬ್ಬು ಮಾಡಿಕೊಂಡಿದ್ದರು. ಸೋಪು ಹಚ್ಚಿ ನೋಡಿದೆಯಾ ಅಂತ ಕೇಳಿದೆ. ನೋಡಿದೆ, ನಿಲ್ಲುತ್ತೆ ಅಂದರು.