ಕದಲಿದ ರೆಕ್ಕೆ

ಸಂಘದ ಸದಸ್ಯರ ಛಾಯಾಚಿತ್ರ ಪ್ರದರ್ಶನವನ್ನು ನಾವು ನೋಡಿಬಂದೆವು. ಬಹುಮಾನಿತ ಬೆಳ್ಳಕ್ಕಿಯ ಒಂದೊಂದು ಗರಿಯೂ ಸ್ಪಷ್ಟ. ಹಾರಾಟ ಮಾತ್ರ ಇಲ್ಲ. ಸೆಕೆಂಡಿನ 1/1000ರಲ್ಲಿ ರೆಕ್ಕೆ ನಿಂತೇಬಿಡುತ್ತದೆ. 1882ರಲ್ಲಿ ಫ್ರಾನ್ಸಿನ ಮರೇ ಬಂದೂಕಿನಾಕಾರದ ಕ್ಯಾಮೆರಾದಲ್ಲಿ ಸೆಕೆಂಡಿಗೆ 12 ಚಿತ್ರ ತೆಗೆದರು. ರೆಕ್ಕೆಯ ಚಲನೆ ಅರಿಯಲು ಅವರಿಗೆ ಒಂದೇ ಚಿತ್ರ ಸಾಲಲಿಲ್ಲ.

ನಮ್ಮನ್ನು ತಡೆದು ನಿಲ್ಲಿಸಿದ್ದು ಮೂಲೆಯ ಚಿತ್ರ: ಕ್ವಾರ್ಟರ್ಸಿನ ಹಿತ್ತಲು, ಒಣಹಾಕಿದ ಸೀರೆ, ಸೀಬೆಮರದಿಂದ ಥಟ್ಟನೆ ಎದ್ದ ಗಿಳಿ. ಕಣ್ಣು ನಿಚ್ಚಳ, ರೆಕ್ಕೆ ಬರೀ ಹಸಿರು ಮಸುಕು, ಬಾಲದ ತುದಿ ಚೌಕಟ್ಟಿನಾಚೆ. ‘ಕೈ ನಡುಗಿದೆ’ ಎಂದು ತೀರ್ಪುಗಾರರು ಬದಿಗಿಟ್ಟರಂತೆ. ನಡುಗಿದ್ದರೆ ಸೀರೆಯ ಅಂಚೂ ಕದಲಬೇಕಿತ್ತಲ್ಲ! ಅದು ಗೆರೆ ಎಳೆದಂತಿದೆ. ಬಾಲ ತಪ್ಪಿದ್ದು ದೋಷವೇ, ಒಪ್ಪಿದೆವು. ಆದರೂ ಗಿಳಿ ಹೊರಟುಹೋದದ್ದು ಅಲ್ಲಿಂದಲೇ. ಪ್ರದರ್ಶನದಲ್ಲಿ ನಿಜವಾಗಿ ಹಾರಿದ ಹಕ್ಕಿ ಅದೊಂದೇ.